ನೀರು ತಣ್ಣಗಿದ್ದರೂ ಬೀಚಿಗೆ ಹೋಗಬಹುದಾ? ಹೋಗಿ, ಆದರೆ ಬಿಸಿಲಲ್ಲ, ಗಾಳಿ ನೋಡಿ ಹೋಗಿ

ನೀವು ಕೇಳಿದ್ದು ಇದು: ಹೊಸದಾಗಿ ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಬಂದಿದ್ದೀರಿ, ಜುಲೈಯಲ್ಲಿ ಒಂದು ವಾರ ರಜೆ ಇದೆ, ಇಬ್ಬರು ಮಕ್ಕಳು ಬೀಚು ಬೀಚು ಅಂತ ಹಟ ಹಿಡಿದಿದ್ದಾರೆ. ಆದರೆ ಇಲ್ಲಿಯ ಸಮುದ್ರ ಬೇಸಿಗೆಯಲ್ಲೂ ಐಸಿನ ಹಾಗಿರುತ್ತದೆ ಅಂತ ಯಾರೋ ಹೇಳಿದ್ದಾರೆ. ಹೋಗಿ ಪ್ರಯೋಜನ ಇದೆಯಾ?

ಇದೆ. ಖಂಡಿತ ಹೋಗಿ.

ನಾನು ಹುಟ್ಟಿ ಬೆಳೆದದ್ದು ಮಲ್ಪೆ ಹತ್ತಿರ. ಫಿನ್‌ಲ್ಯಾಂಡಿಗೆ ಬಂದು ಎಂಟು ವರ್ಷ ಆಯಿತು. ಮೊದಲ ಎರಡು ಬೇಸಿಗೆ ನಾನೂ "ಈ ನೀರಿಗೆ ಯಾರು ಇಳಿಯುತ್ತಾರೆ" ಅಂತ ಮನೆಯಲ್ಲೇ ಉಳಿದೆ. ಸುಮ್ನೆ ಕಳೆದುಕೊಂಡೆನಲ್ಲ ಅಂತ ಈಗಲೂ ಬೇಜಾರಾಗುತ್ತದೆ. ಇಲ್ಲಿ ನೀರಿಗೆ ಇಳಿಯುವ ಕಾಲ ಅಂದರೆ ಜುಲೈ ಶುರುವಿನಿಂದ ಆಗಸ್ಟ್ ಮಧ್ಯದವರೆಗೆ, ಹೆಚ್ಚೆಂದರೆ ಆರೇಳು ವಾರ. ಆಗಸ್ಟ್ ಎರಡನೇ ವಾರಕ್ಕೆ ಶಾಲೆ ಶುರು. ಆಮೇಲೆ ಸಂಜೆಗಳು ಬೇಗ ಬೇಗ ಕತ್ತಲಾಗುತ್ತವೆ. ಮುಂದಿನ ವಾರ ನೋಡೋಣ ಅಂತ ಮುಂದೂಡಿದರೆ ಮುಂದಿನ ವಾರ ಬರುವುದೇ ಇಲ್ಲ.

ಹೆಲ್ಸಿಂಕಿಯ ಒಳಗೇ ಹಿಯೆತಾನಿಯೆಮಿ ಬೀಚ್ ಇದೆ. ಒಂದು ಸಂಜೆಗೆ ಅದು ಸಾಕು. ದಕ್ಷಿಣದ ತುದಿಯಲ್ಲಿ ಹಾಂಕೊ ಇದೆ, ಉತ್ತರಕ್ಕೆ ಹೋದರೆ ಕಾಲಾಯೋಕಿ ಇದೆ. ಆದರೆ ನನ್ನ ಕೇಳಿದರೆ ಪೋರಿ ಊರಿನ ಹತ್ತಿರದ ಯೂತೆರಿಗೆ ಹೋಗಿ ಅಂತೀನಿ. ಹೆಲ್ಸಿಂಕಿಯಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ಆರು ಕಿಲೋಮೀಟರ್ ಉದ್ದದ ಮರಳು, ಹಿಂದೆ ಹುಲ್ಲು ಬೆಳೆದ ಮರಳಿನ ದಿಬ್ಬಗಳು, ಅದರ ಹಿಂದೆ ಪೈನ್ ಮರಗಳು. ಬರಿಗಾಲಿಟ್ಟರೆ ಮರಳು ಹಿಟ್ಟಿನ ಹಾಗೆ ನುಣ್ಣಗಿದೆ. ದಿಬ್ಬಗಳ ಮೇಲೆ ಹಲಗೆಯ ದಾರಿ ಹಾಕಿದ್ದಾರೆ. ದಯವಿಟ್ಟು ಮಕ್ಕಳನ್ನು ಆ ಹಲಗೆಯ ಮೇಲೇ ನಡೆಸಿ. ಮರಳನ್ನು ಹಿಡಿದಿಟ್ಟಿರುವುದು ಆ ಹುಲ್ಲಿನ ಬೇರೇ.

ಈಗ ನೀರಿನ ವಿಷಯ. ನಮ್ಮೂರಿನ ಕಡಲು 28 ಡಿಗ್ರಿ ಆಸುಪಾಸು. ಇಲ್ಲಿ ಒಳ್ಳೆಯ ಜುಲೈ ದಿನ 17, 18, ಅದೃಷ್ಟ ಇದ್ದರೆ 20. ಇದು ತಣ್ಣಗೇ, ಆದರೆ ಇಳಿಯಬಹುದಾದ ತಣ್ಣಗೆ. ತೊಂದರೆ ಎಲ್ಲಿ ಅಂದರೆ, ಈ ಲೆಕ್ಕ ಒಂದೇ ದಿನದಲ್ಲಿ ತಲೆಕೆಳಗಾಗಬಹುದು. ನಾವು ಮೊದಲ ಸಲ ಯೂತೆರಿಗೆ ಹೋದಾಗ ಅದೇ ಆಯಿತು. ಬಿಸಿಲು ಚೆನ್ನಾಗಿತ್ತು, ಗಾಳಿಯ ಉಷ್ಣತೆ 27 ಡಿಗ್ರಿ. ಮಗಳು ಕಾರಿನಿಂದ ಇಳಿದವಳೇ ಓಡಿಹೋಗಿ ನೀರಿಗೆ ಬಿದ್ದಳು. ಮರುಕ್ಷಣ ಕಿರುಚಲೂ ಆಗದೆ ಬಾಯಿ ತೆರೆದು ನಿಂತುಬಿಟ್ಟಳು. ಉಸಿರು ಸಿಕ್ಕಿಹಾಕಿಕೊಂಡಿತ್ತು. ಎತ್ತಿಕೊಂಡು ಬಂದೆ. ತುಟಿ ನೇರಳೆ ಹಣ್ಣು ತಿಂದವಳ ಹಾಗಿತ್ತು, ಬೆರಳ ತುದಿಗಳು ಬಿಳಿಚಿದ್ದವು. ನಾನೇ ಹೋಗಿ ಕಾಲಿಟ್ಟು ನೋಡಿದೆ. ಒಂದು ನಿಮಿಷಕ್ಕೆ ಹರಡಿನ ಮೂಳೆ ಒಳಗಿನಿಂದ ನೋಯತೊಡಗಿತು. ಆ ದಿನ ನೀರು 11 ಡಿಗ್ರಿ ಇತ್ತಂತೆ. ಹಿಂದಿನ ವಾರ 18 ಇತ್ತು.

ಕಾರಣ ಗಾಳಿ. ಎರಡು ದಿನದಿಂದ ಉತ್ತರದ ಗಾಳಿ ಬಿಡದೆ ಬೀಸುತ್ತಿತ್ತು. ಭೂಮಿ ತಿರುಗುವುದರಿಂದ, ಈ ಭಾಗದಲ್ಲಿ ಗಾಳಿ ತಳ್ಳಿದ ಮೇಲಿನ ನೀರು ಗಾಳಿಯ ಬಲಗಡೆಗೆ ಸರಿಯುತ್ತದೆ. ಪಶ್ಚಿಮ ಕರಾವಳಿಯಲ್ಲಿ ಉತ್ತರದ ಗಾಳಿ ಬೀಸಿದರೆ ಬಲಗಡೆ ಅಂದರೆ ನಡುಗಡಲು. ಬಿಸಿಲಿಗೆ ಬೆಚ್ಚಗಾದ ಮೇಲಿನ ನೀರೆಲ್ಲ ದಡ ಬಿಟ್ಟು ಹೋಗುತ್ತದೆ, ಆ ಜಾಗ ತುಂಬಲು ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಹೆಲ್ಸಿಂಕಿ, ಹಾಂಕೊ ಇರುವ ದಕ್ಷಿಣ ಕರಾವಳಿಯಲ್ಲಿ ಇದೇ ಕೆಲಸವನ್ನು ಪಶ್ಚಿಮ ಮತ್ತು ನೈಋತ್ಯದ ಗಾಳಿ ಮಾಡುತ್ತದೆ. ಮೀನಿಗೆ ಹೋಗುವವರ ಊರಲ್ಲಿ ಬೆಳೆದವನು ನಾನು. ನಮ್ಮಜ್ಜ ಬೆಳಿಗ್ಗೆ ಎದ್ದ ಕೂಡಲೇ ಮೊದಲು ನೋಡುತ್ತಿದ್ದದ್ದು ತೆಂಗಿನ ಗರಿ ಯಾವ ಕಡೆ ಬಾಗಿದೆ ಅಂತ. ಇಲ್ಲಿ ಬಂದು ಅದನ್ನು ಮರೆತು ಬರೀ ಬಿಸಿಲು ನೋಡಿ ಹೊರಟಿದ್ದೆ. ಈಗ ಹಿಂದಿನ ಎರಡು ದಿನದ ಗಾಳಿ ನೋಡದೆ ಹೊರಡುವುದಿಲ್ಲ. ಫಿನ್ನಿಷ್ ಹವಾಮಾನ ಸಂಸ್ಥೆಯ ತಾಣದಲ್ಲಿ ಗಾಳಿಯೂ ಸಿಗುತ್ತದೆ, ಸಮುದ್ರದ ನೀರಿನ ಉಷ್ಣತೆಯೂ ಸಿಗುತ್ತದೆ.

ಇನ್ನೊಂದು ಮಾತು. ಊರಿನ ಹಾಗೆ ಗಂಟೆಗಟ್ಟಲೆ ನೀರಲ್ಲೇ ಬಿದ್ದಿರುವುದು ಇಲ್ಲಿ ಆಗುವುದಿಲ್ಲ. ಇಲ್ಲಿ ಮಾಡುವುದು ಹೋಗಿ ಬರುವುದು. ಐದು ನಿಮಿಷ ನೀರು, ಅರ್ಧ ಗಂಟೆ ಬಿಸಿ ಮರಳು, ಮತ್ತೆ ಐದು ನಿಮಿಷ. ಯಾರೂ ಹಾರಬಾರದು. ಮೊಣಕಾಲು, ಸೊಂಟ, ಆಮೇಲೆ ಕತ್ತಿಗೆ ಎದೆಗೆ ನೀರು ಹಚ್ಚಿಕೊಂಡು, ಉಸಿರು ಸರಿಹೋದ ಮೇಲೆ ಮುಳುಗಬೇಕು. ತಣ್ಣೀರಲ್ಲಿ ಮೊದಲ ನಿಮಿಷ ಉಸಿರು ತಾನಾಗೇ ಏದುಸಿರಾಗುತ್ತದೆ, ಆಗ ತಲೆ ನೀರಿನೊಳಗಿದ್ದರೆ ಅಪಾಯ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗುತ್ತದೆ, ಆದರೆ ಆಟದಲ್ಲಿ ಅವರಿಗೆ ಗೊತ್ತಾಗುವುದಿಲ್ಲ. ನಡುಕ ಶುರುವಾಗುವ ಮೊದಲೇ ಕರೆಯಿರಿ. ಯೂತೆರಿಯಲ್ಲಿ ತುಂಬಾ ದೂರದವರೆಗೆ ಆಳ ಇಲ್ಲ, ಮಕ್ಕಳಿಗೆ ಅದು ಒಳ್ಳೆಯದು. ಆದರೂ ಕಣ್ಣು ಮಕ್ಕಳ ಮೇಲೇ ಇರಲಿ.

ಮೊದಲ ಸಲ ಮುಳುಗಿ ಎದ್ದಾಗ ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನನ್ನು ನೋಡಿ "ತಾಲ್ವಿತುರ್ಕಿ" ಅಂದು ನಕ್ಕರು. ಚಳಿಗಾಲದ ತುಪ್ಪಳದ ಕೋಟು ಅಂತ ಅರ್ಥ. ವರ್ಷದ ಮೊದಲ ಈಜಿಗೆ ಇಲ್ಲಿಯವರು ಆ ಕೋಟನ್ನು ಬಿಸಾಡುವುದು ಅನ್ನುತ್ತಾರೆ. ನೀರಿನಿಂದ ಹೊರಗೆ ಬಂದು ಟವೆಲ್ ಸುತ್ತಿಕೊಂಡಾಗ ಆ ಮಾತು ಎಷ್ಟು ಸರಿ ಅಂತ ಮೈಗೇ ಗೊತ್ತಾಯಿತು. ಚರ್ಮ ಜುಂ ಅನ್ನುತ್ತದೆ, ಒಳಗಿನಿಂದ ಬಿಸಿ ಏರುತ್ತದೆ. ನವೆಂಬರಿನಿಂದ ಮೈಮೇಲೆ ಕೂತಿದ್ದ ಏನೋ ಒಂದು ಇಳಿದುಹೋಗುತ್ತದೆ.

ಚೀಲದಲ್ಲಿ ಉಣ್ಣೆಯ ಕಾಲುಚೀಲ ಇರಲಿ. ಜುಲೈಯಲ್ಲಿ ಯಾಕೆ ಅನ್ನಬೇಡಿ, ನೀರಿನಿಂದ ಬಂದ ಮಕ್ಕಳಿಗೆ ಅದಕ್ಕಿಂತ ಸುಖ ಇಲ್ಲ. ಟೋಪಿ, ಒಣ ಬಟ್ಟೆ ಎರಡು ಜೊತೆ, ಗಾಳಿ ತಡೆಯುವ ಜಾಕೆಟ್. ನಾವು ಚಿತ್ರಾನ್ನ ಮತ್ತು ಫ್ಲಾಸ್ಕಿನಲ್ಲಿ ಜೀರಿಗೆ ಕೊತ್ತಂಬರಿ ಕಷಾಯ ಒಯ್ಯುತ್ತೇವೆ. ಐಸ್‌ಕ್ರೀಂ ಕೊಂಡರೆ ಕೈಯಲ್ಲಿ ಗಟ್ಟಿ ಹಿಡಿಯಲಿ, ಕಡಲಹಕ್ಕಿಗಳು ಹಾರಿಬಂದು ಕಸಿಯುತ್ತವೆ. ಹುಲ್ಲಲ್ಲಿ ಆಡಿದ್ದರೆ ಸಂಜೆ ಕಾಲು, ಮೊಣಕಾಲಿನ ಹಿಂಭಾಗ ನೋಡಿ. ಇಲ್ಲಿಯ ಕರಾವಳಿಯಲ್ಲಿ ಉಣ್ಣಿ ಜಾಸ್ತಿ, ಅವು ಕಾಯಿಲೆ ಹರಡುತ್ತವೆ.

ಗಾಳಿ ಇಲ್ಲದೆ ಸೆಕೆ ಹೆಚ್ಚಾದಾಗ ಇನ್ನೊಂದು ತೊಂದರೆ ಬರುತ್ತದೆ, ಸಿನಿಲೆವ್ಯಾ. ನೀಲಿ-ಹಸಿರು ಪಾಚಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದ ಹಾಗೆ ಕಂಡರೆ ಒಂದು ಕಡ್ಡಿ ಅದ್ದಿ ಎತ್ತಿ. ಎಳೆ ಎಳೆಯಾಗಿ ಕಡ್ಡಿಗೆ ಅಂಟಿಕೊಂಡರೆ ಬೇರೆ ಪಾಚಿ. ಕಡ್ಡಿಗೆ ಸಿಗದೆ ಪುಡಿಯಾಗಿ ನೀರಲ್ಲೇ ಚದುರಿದರೆ ಅದೇ ಇರಬಹುದು. ಆ ದಿನ ಮಕ್ಕಳು ನೀರಿಗೆ ಬೇಡ, ಅದು ವಿಷಕಾರಿ ಆಗಿರಬಹುದು.

ಕೊನೆಗೆ, ನಿಮ್ಮ ಮಕ್ಕಳಿಗೆ ಎರಡು ಆಶ್ಚರ್ಯ ಕಾದಿವೆ. ಬಾಯಿಗೆ ಹೋದ ನೀರು ಅಷ್ಟಾಗಿ ಉಪ್ಪಿರುವುದಿಲ್ಲ. ಇಲ್ಲಿಯ ಸಮುದ್ರ ಬಾಲ್ಟಿಕ್, ಅದಕ್ಕೆ ನದಿನೀರು ತುಂಬಾ ಸೇರುತ್ತದೆ, ಆದ್ದರಿಂದ ಇಲ್ಲಿ ಉಪ್ಪು ಮಹಾಸಾಗರದ ಆರನೇ ಒಂದು ಪಾಲಿನಷ್ಟು. ಎರಡನೆಯದು, ಭರತ ಇಳಿತ ಕಣ್ಣಿಗೆ ಕಾಣುವಷ್ಟು ಇಲ್ಲ. ಬದಲಿಗೆ ನೆಲವೇ ಏರುತ್ತಿದೆ. ಹಿಮಯುಗದ ಮಂಜಿನ ಭಾರ ಹೋದ ಮೇಲೆ ಇಲ್ಲಿಯ ಭೂಮಿ ಇನ್ನೂ ಮೇಲೇಳುತ್ತಿದೆ, ವರ್ಷಕ್ಕೆ ಅರ್ಧ ಸೆಂಟಿಮೀಟರಿಗಿಂತ ಹೆಚ್ಚು. ಉಲ್ವಿಲಾ ಅನ್ನುವ ಹಳೆಯ ಪೇಟೆಯ ಬಂದರಿಗೆ ಹಡಗು ಬರಲಾರದಷ್ಟು ನೀರು ಕಡಿಮೆ ಆಯಿತು, ಅದಕ್ಕೇ 1558ರಲ್ಲಿ ಸಮುದ್ರದ ಕಡೆಗೆ ಪೋರಿಯನ್ನು ಕಟ್ಟಿದರು. ಈಗ ಪೋರಿಯೂ ಸಮುದ್ರದಿಂದ ದೂರ ಉಳಿದಿದೆ. ಉಳ್ಳಾಲದ ಕಡೆ ಕಡಲ್ಕೊರೆತಕ್ಕೆ ಮನೆ, ತೆಂಗಿನಮರ ಹೋಗುವುದನ್ನು ನೋಡಿ ಬೆಳೆದ ನನಗೆ ಇದನ್ನು ನಂಬಲು ತುಂಬಾ ದಿನ ಹಿಡಿಯಿತು.

ಕಳೆದ ವರ್ಷ ಮಗಳು ನೀರಿನ ಅಂಚಿನಲ್ಲಿ ಮರಳಿನ ಗುಡಿ ಕಟ್ಟಿದಳು. ಸುತ್ತ ಕಂದಕ, ಮೇಲೆ ಪೈನ್ ಕಾಯಿಯ ಕಳಶ. ರಾತ್ರಿ ಹತ್ತಾದರೂ ಬಿಸಿಲಿತ್ತು, ಹೊರಡಿಸುವುದೇ ಕಷ್ಟವಾಯಿತು. ಅಲೆ ಬಂದು ಗುಡಿ ಹೊತ್ತುಕೊಂಡು ಹೋಗುತ್ತದೆ, ಬೇಜಾರು ಮಾಡ್ಕೋಬೇಡ ಅಂತ ನಾನು ಮಲ್ಪೆಯ ಅಭ್ಯಾಸದಿಂದ ಮೊದಲೇ ಸಮಾಧಾನ ಹೇಳಿದ್ದೆ. ಬೆಳಿಗ್ಗೆ ಹೋಗಿ ನೋಡಿದರೆ ಗುಡಿ ಹಾಗೇ ನಿಂತಿತ್ತು. ಕಳಶ ಕೂಡ.