‘ಯಾರಿಗೆ ಕಷಾಯ ಬೇಕು?’ ಎಂಬಲ್ಲಿ ‘ಹೂಮ್’ ಏಕೆ ಬರುವುದಿಲ್ಲ?

ಪ್ರಶ್ನೆ: ಇಂಗ್ಲಿಷಿನ ‘ಹೂ’ (who) ಅಂದರೆ ಯಾರು, ‘ಹೂಮ್’ (whom) ಅಂದರೆ ಯಾರನ್ನು ಅಥವಾ ಯಾರಿಗೆ ಎಂದು ಕಲಿತಿದ್ದೇನೆ. ಬ್ಯಾಂಕ್ ಪರೀಕ್ಷೆಯ ತಯಾರಿಯಲ್ಲಿ ಹಾಗೇ ಬರೆದರೂ ಆಗಾಗ ತಪ್ಪಾಗುತ್ತದೆ. ಏಕೆ?
– ಪದವಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ‘ಯಾರು’, ‘ಯಾರನ್ನು’ ಇರುವಲ್ಲಿ ನಿಮ್ಮ ಸೂತ್ರ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಕಾರವಾರದಿಂದ ಯಾರು ಬಂದರು? ‘ಹೂ ಕೇಮ್’. ಅಲ್ಲಿ ಯಾರನ್ನು ಕಂಡೆ? ‘ಹೂಮ್ ಡಿಡ್ ಯೂ ಮೀಟ್’. ತೊಡಕಿರುವುದು ‘ಯಾರಿಗೆ’ಯಲ್ಲಿ. ಕಾರವಾರದ ನನ್ನ ತರಗತಿಯಲ್ಲಿ ಜಾಸ್ತಿ ತಿದ್ದುವುದೂ ಇದನ್ನೇ.

ನಿಮ್ಮ ಮನೆಯ ಜಗಲಿಯನ್ನೇ ನೆನೆಯಿರಿ. ನೆಂಟರು ಕೂತಿದ್ದಾರೆ. ಒಳಗಿಂದ ಅಮ್ಮ ‘ಯಾರಿಗೆ ಕಷಾಯ ಬೇಕು?’ ಅಂತ ಕೂಗುತ್ತಾರೆ. ‘ಗೆ’ ಕಂಡ ಕೂಡಲೇ ನೀವು ‘ಹೂಮ್ ವಾಂಟ್ಸ್’ ಅಂತ ಬರೆಯುತ್ತೀರಿ, ಅಲ್ವಾ? ಅಲ್ಲಿ ‘ಹೂ ವಾಂಟ್ಸ್’ ಆಗಬೇಕು. ಬೇಕು, ಗೊತ್ತು, ಇಷ್ಟ, ಜ್ವರ ಇವೆಲ್ಲ ಕನ್ನಡದಲ್ಲಿ ನಮ‘ಗೆ’ ಆಗುವಂಥವು. ಇಂಗ್ಲಿಷ್ ಅದೇ ಮನುಷ್ಯನನ್ನು ಕರ್ತೃವಿನ ಜಾಗದಲ್ಲಿ ಕೂರಿಸುತ್ತದೆ. ಯಾರಿಗೆ ಗೊತ್ತು? ‘ಹೂ ನೋಸ್’.

‘ಅಡಿಕೆ ಯಾರಿಗೆ ಮಾರಿದಿ?’ ಎಂಬುದು ಬೇರೆ. ಮಾರಿದವನು ನೀನು, ಕೊಂಡವನು ಇನ್ನೊಬ್ಬ. ಹೀಗೆ ಕೆಲಸ ಮಾಡಿದವರು ಬೇರೆ ಇದ್ದರೆ ‘ಟು ಹೂಮ್’.

ಅನುಮಾನ ಬಂದರೆ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಹೇಳಿ ನೋಡಿ. ‘ಹೀ ವಾಂಟ್ಸ್’ ಅಂತ ಬಂದರೆ ‘ಹೂ’, ‘ಐ ಮೆಟ್ ಹಿಮ್’ ಅಂತ ಬಂದರೆ ‘ಹೂಮ್’. ‘ಹಿಮ್’, ‘ಹೂಮ್’ ಎರಡರ ಕೊನೆಗೂ ‘ಮ್’ ಇರುವುದು ಸುಮ್ನೆ ಅಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು ನಮ್ಮ ‘ಗೆ’ ಇದ್ದ ಹಾಗೆ, ಚತುರ್ಥಿಯ ಗುರುತು. ನನಗೆ ಇದು ತಿಳಿದ ದಿನದಿಂದ ಈ ಪಾಠ ಮಾಡುವುದೇ ಖುಷಿ.

ಪರೀಕ್ಷೆಯಲ್ಲಿ ಇನ್ನೊಂದು ಕಡೆ ಎಡವುತ್ತಾರೆ: ‘ದ ಮ್ಯಾನ್ ಹೂ ಐ ಥಿಂಕ್ ಈಸ್ ದ ಓನರ್’. ನಡುವಿನ ‘ಐ ಥಿಂಕ್’ ತೆಗೆದು ಓದಿ. ‘ಹೂ ಈಸ್ ದ ಓನರ್’ ಉಳಿಯುತ್ತದೆ. ಅಲ್ಲಿ ‘ಹೂಮ್’ ಸೇರದು.

ಮಾತಿನಲ್ಲಿ ಇಂಗ್ಲಿಷರೇ ‘ಹೂ ಡಿಡ್ ಯೂ ಮೀಟ್’ ಅನ್ನುತ್ತಾರೆ, ನೀವೂ ಧೈರ್ಯವಾಗಿ ಅನ್ನಿ. ಪರೀಕ್ಷೆಯಲ್ಲಿ ಮಾತ್ರ ‘ಹೂಮ್’ ಬರೆಯಿರಿ. ‘ಟು’, ‘ವಿತ್’, ‘ಫಾರ್’ಗಳ ಬೆನ್ನಿಗೇ ಈ ಪದ ಬಂದರೆ ಮಾತಿನಲ್ಲೂ ‘ಹೂಮ್’ ಬಿಡಬೇಡಿ. ಪ್ರಮಾಣಪತ್ರಗಳ ತಲೆಯ ಮೇಲಿನ ‘ಟು ಹೂಮ್ ಇಟ್ ಮೇ ಕನ್ಸರ್ನ್’ ನೋಡಿದ್ದೀರಲ್ಲ, ಹಾಗೆ.