ಒಂಬತ್ತು ವರ್ಷದ ಮಗ ‘ಕಿಕಿನ್ ಇಟ್’ ನೋಡಬಹುದೆ? ಅದರಲ್ಲಿರುವುದು ನಿಜವಾದ ಕರಾಟೆಯೆ?

ನಿಮ್ಮ ಮಗ ಈಚೆಗಷ್ಟೇ ಕರಾಟೆ ತರಗತಿಗೆ ಸೇರಿದ್ದಾನೆ, ಈ ಧಾರಾವಾಹಿಯನ್ನು ಅವನಿಗೆ ತೋರಿಸಬಹುದೆ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ, ಆದರೆ ಮೊದಲ ಕೆಲವು ಕಂತುಗಳನ್ನು ಅವನ ಪಕ್ಕದಲ್ಲಿ ಕುಳಿತು ನೀವೂ ನೋಡಿ. ನಾನು ಶಾಲೆಯಲ್ಲಿದ್ದಾಗ ಆರು ವರ್ಷ ಕರಾಟೆ ಕಲಿತವನು, ಈ ಧಾರಾವಾಹಿಯನ್ನು ಅಕ್ಕನ ಮಗಳ ಜೊತೆಯಲ್ಲಿ ನೋಡಿದವನು.

2011ರಿಂದ 2015ರವರೆಗೆ ಡಿಸ್ನಿ ಎಕ್ಸ್‌ಡಿ ವಾಹಿನಿಯಲ್ಲಿ ನಾಲ್ಕು ಸೀಸನ್‌ಗಳಾಗಿ ಪ್ರಸಾರವಾದ ಕಥೆ ಇದು. ಕ್ಯಾಲಿಫೋರ್ನಿಯಾದ ಸೀಫರ್ಡ್ ಎಂಬ ಕಲ್ಪಿತ ಊರಿನಲ್ಲಿ, ಅಂಗಡಿಸಾಲೊಂದರ ನಡುವೆ ಇರುವ ಬಾಬಿ ವಸಾಬಿ ಡೋಜೊ (ಕರಾಟೆ ಕಲಿಸುವ ಶಾಲೆ) ಮುಚ್ಚಿಹೋಗುವ ಸ್ಥಿತಿಯಲ್ಲಿದೆ. ಅಲ್ಲಿನ ಗುರು ರೂಡಿ. ಶಿಷ್ಯರಾದ ಜೆರ್ರಿ, ಮಿಲ್ಟನ್ ಮತ್ತು ಎಡ್ಡಿ ಮೂವರಿಗೂ ಕರಾಟೆ ಅಷ್ಟಕ್ಕಷ್ಟೇ. ಸ್ಕೇಟ್‌ಬೋರ್ಡ್ ಓಡಿಸಿಕೊಂಡು ಬರುವ ಜ್ಯಾಕ್, ತಾತನಿಂದ ವಿದ್ಯೆ ಕಲಿತ ಹುಡುಗ. ಎದುರಾಳಿಗಳಾದ ಬ್ಲ್ಯಾಕ್ ಡ್ರ್ಯಾಗನ್ಸ್ ತಂಡವನ್ನು ಬಿಟ್ಟು ಕಿಮ್ ಕೂಡ ಇವರನ್ನು ಸೇರುತ್ತಾಳೆ.

ಜ್ಯಾಕ್ ಪಾತ್ರದ ಲಿಯೊ ಹೊವರ್ಡ್ ಚಿಕ್ಕಂದಿನಿಂದಲೇ ಕರಾಟೆ ಅಭ್ಯಾಸ ಮಾಡಿದವರಾದ್ದರಿಂದ ಅವರ ನಿಲುವು, ಸಮತೋಲ, ಒದೆತದ ನಂತರ ಕಾಲನ್ನು ಹಿಂದಕ್ಕೆ ಸೆಳೆದುಕೊಳ್ಳುವ ರೀತಿ ಎಲ್ಲವೂ ಕಲಿತವರದ್ದೇ ಎಂದು ನೋಡಿದ ಕೂಡಲೇ ತಿಳಿಯುತ್ತದೆ. (ಹದಿನಾರನೆಯ ವಯಸ್ಸಿಗೇ ಇದೇ ಧಾರಾವಾಹಿಯ ಕಂತೊಂದನ್ನು ನಿರ್ದೇಶಿಸಿ ಅವರು ಗಿನ್ನೆಸ್ ದಾಖಲೆಗೂ ಸೇರಿದರು.) ಆದರೆ ಗಾಳಿಯಲ್ಲಿ ತಿರುಗಿ ಒದೆಯುವುದು, ಏಕಕಾಲಕ್ಕೆ ನಾಲ್ವರನ್ನು ಬೀಳಿಸುವುದು ಕ್ಯಾಮೆರಾಕ್ಕಾಗಿ ಮೊದಲೇ ಹೆಣೆದ ಹೊಡೆದಾಟ. ಪೆಟ್ಟು ತಿಂದವರಿಗೆ ಅಲ್ಲಿ ಬಾವು ಬರುವುದಿಲ್ಲ, ಮೂಳೆ ಮುರಿಯುವುದಿಲ್ಲ; ಮಗುವಿಗೆ ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ನಿಜವಾದ ತರಗತಿಯ ಬಹುಪಾಲು ಸಮಯ ಒಂದೇ ಪಂಚ್, ಏಟು ತಡೆಯುವ ಒಂದೇ ಬ್ಲಾಕ್ ನೂರು ಸಲ ಮಾಡುವುದರಲ್ಲಿ, ಕಟಾ (ಗೊತ್ತುಪಡಿಸಿದ ಚಲನೆಗಳ ಸರಣಿ) ತಿದ್ದಿಕೊಳ್ಳುವುದರಲ್ಲಿ ಕಳೆಯುತ್ತದೆ, ಕುಮಿಟೆ, ಅಂದರೆ ಎದುರಾಳಿಯೊಡನೆ ಸೆಣಸುವುದು, ಬರುವುದು ಆಮೇಲೆ. ಈ ಬೇಸರದ ಭಾಗವನ್ನು ಧಾರಾವಾಹಿ ತೋರಿಸುವುದೇ ಇಲ್ಲ. ಅಕ್ಕನ ಮಗಳು ಹಾರಿ ಒದೆಯುವುದನ್ನು ಕಲಿಸಿ ಎಂದು ಹಟ ಹಿಡಿದಾಗ ಅವಳ ಸರ್, ಗೋಡೆ ಹಿಡಿದು ನಿಂತು ಮುಂದಕ್ಕೆ ನಿಧಾನವಾಗಿ ಒದೆಯುವ ‘ಮಾಯೆ ಗೇರಿ’ಯನ್ನೇ ಎರಡು ವಾರ ಮಾಡಿಸಿದರು.

ಇಷ್ಟಾದರೂ ನಾನು ಇದನ್ನು ಮೆಚ್ಚುವುದು ಮಿಲ್ಟನ್ ಪಾತ್ರಕ್ಕಾಗಿ. ಪುಸ್ತಕವೇ ಲೋಕವಾಗಿರುವ, ಮೈಯಲ್ಲಿ ಬಲವಿಲ್ಲದ ಈ ಹುಡುಗ ಪಂದ್ಯ ಗೆಲ್ಲದಿದ್ದರೂ ಮರುದಿನ ಅದೇ ಬಿಳಿ ಉಡುಪು ತೊಟ್ಟು ಡೋಜೊಗೆ ಬರುತ್ತಾನೆ, ಗೆಳೆಯರು ಅವನಿಗಾಗಿ ಕಾಯುತ್ತಿರುತ್ತಾರೆ. ನಾನು ಕಲಿಯುತ್ತಿದ್ದ ಸಭಾಂಗಣದಲ್ಲಿಯೂ ಅಂಥ ಹುಡುಗನೊಬ್ಬನಿದ್ದ. ಎರಡು ಸಲ ಬೆಲ್ಟ್ ಪರೀಕ್ಷೆಯಲ್ಲಿ ಸೋತ ಅವನು ತರಗತಿ ಬಿಡದೆ ಉಳಿದದ್ದು, ಮುಗಿದ ಮೇಲೆ ನಾವೆಲ್ಲರೂ ಸೇರಿ ಮನೆಯವರೆಗೆ ನಡೆದು ಹೋಗುತ್ತಿದ್ದುದರಿಂದ ಎಂದು ನಾನು ಇಂದಿಗೂ ನಂಬಿದ್ದೇನೆ. ಗೆಳೆಯರಿಗೆ ನಿಷ್ಠೆ, ಪ್ರಾಮಾಣಿಕತೆ, ಸೋಲೊಪ್ಪದಿರುವುದು ಎಂಬ ಮೂರನ್ನು ಹೇಳುವ ಒಂದು ಪ್ರತಿಜ್ಞೆಯನ್ನು ಈ ಗೆಳೆಯರು ಒಟ್ಟಾಗಿ ಕೂಗುತ್ತಾರೆ. ಮಕ್ಕಳಿಗೆ ಅದು ಬೇಗ ಬಾಯಿಪಾಠವಾಗುತ್ತದೆ. ಕಿಮ್ ಪಾತ್ರವೂ ಗಟ್ಟಿಯಾಗಿದೆ. ಅವಳು ಯಾರೂ ಬಂದು ಕಾಪಾಡಲಿ ಎಂದು ಕಾಯುವವಳಲ್ಲ, ಜ್ಯಾಕ್‌ಗೆ ಸರಿಸಮನಾಗಿ ನಿಂತು ಹೋರಾಡುತ್ತಾಳೆ. ಹೆಣ್ಣುಮಕ್ಕಳಿರುವ ಮನೆಯವರಿಗೂ ನಾನು ಇದನ್ನು ಧೈರ್ಯವಾಗಿ ಹೇಳುವುದು ಅದಕ್ಕಾಗಿಯೇ.

ಮೊದಲ ಕಂತಿನಿಂದಲೇ ಆರಂಭಿಸಿ, ಏಕೆಂದರೆ ಜ್ಯಾಕ್ ಡೋಜೊಗೆ ಬಂದು ಸೇರುವ ಬಗೆ ತಿಳಿಯುವುದು ಅಲ್ಲಿಯೇ. ಎರಡನೆಯ ಸೀಸನ್‌ನ ನಂತರ ಎಡ್ಡಿ ಕಾಣಿಸುವುದಿಲ್ಲ, ನಾಲ್ಕನೆಯದರಲ್ಲಿ ಕಿಮ್ ಬರುವುದೂ ಕಡಿಮೆಯಾಗುತ್ತದೆ. ಅವರೆಲ್ಲಿ ಹೋದರು ಎಂದು ನಿಮ್ಮ ಮಗ ಕೇಳಿಯೇ ಕೇಳುತ್ತಾನೆ. ನಟರು ಬೇರೆ ಕೆಲಸಗಳಿಗೆ ಹೋದರು ಎಂದು ಹೇಳಿದರೆ ಸಾಕು.