ಜುಲೈ ರಜೆಯಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ, ಬ್ರೇನರ್ಡ್ ಊರಿನ ಕಡೆ ಕ್ಯಾಬಿನ್ ಬಾಡಿಗೆ ಹಿಡಿದು, 40 ಇಂಚಿನ ನಾರ್ದರ್ನ್ ಪೈಕ್ ಮೀನು ಹಿಡಿದು, ಫೋಟೋ ತೆಗೆದು ವಾಪಸ್ ನೀರಿಗೆ ಬಿಡಬೇಕು ಅಂತಿದ್ದೀನಿ. ಯಾವ ಲೂರ್ (ಕೃತಕ ಎರೆ) ಒಳ್ಳೇದು?

ಬ್ರೇನರ್ಡ್ ಕಡೆ ಬಾಡಿಗೆ ಕ್ಯಾಬಿನ್, ಜುಲೈ, ಒಂದು ಫೋಟೋ. ನಿಮ್ಮ ಪ್ರಶ್ನೆ ಓದಿದಾಗ ಇದನ್ನ ನಾನೇ ಬರೆದಿದ್ನಾ ಅನ್ನಿಸ್ತು. ಲೂರ್ ವಿಷಯ ಕೊನೆಗೆ ಹೇಳ್ತೀನಿ. ಮೊದಲು ಇದಕ್ಕೆ ಉತ್ತರ ಹುಡುಕಿ: ಮೀನಿನ ಬಾಯಿಂದ ಕೊಕ್ಕೆ ಬಿಡಿಸೋಕೆ ನಿಮ್ಮ ಹತ್ರ ಇರೋ ಇಕ್ಕಳ ಎಷ್ಟು ಉದ್ದ?

ನಾನೂ ಇದೇ ಆಸೆಯಲ್ಲಿ ಹೋಗಿದ್ದೆ, ಆಗ ನನ್ನದು 6 ಇಂಚಿನದು. ಮನೆಯಲ್ಲಿ ವೈರ್ ಕತ್ತರಿಸೋಕೆ ಇಟ್ಕೊಂಡಿದ್ದು, ಹೊರಡುವಾಗ ಬ್ಯಾಗಿಗೆ ಎಸೆದದ್ದು. ರಾಡ್ ವಾಲೈ ಅನ್ನೋ ಬೇರೆ ಮೀನಿಗೆ ಅಂತ ತಗೊಂಡಿದ್ದ ತೆಳ್ಳನೆಯದು, 8 ಪೌಂಡ್ ಎಳೆತ ತಡೆಯೋ ನೈಲಾನ್ ದಾರ, ಪೈಕ್ ಕಡಿಯದೇ ಇರಲಿ ಅಂತ ತುದಿಗೆ ಒಂದು ಗೇಣು ಸ್ಟೀಲ್ ತಂತಿ, ಅದಕ್ಕೆ ಟ್ರೆಬಲ್ ಅನ್ನೋ ಮೂರು ಮೊನೆಯ ಕೊಕ್ಕೆ ಮೂರು ಇರೋ, ಮೀನಿನ ಆಕಾರದ ಲೂರ್, ಕ್ರ್ಯಾಂಕ್‌ಬೈಟ್. ಅಂದ್ರೆ ಒಟ್ಟು 9 ಮೊನೆ, ಒಂಬತ್ತಕ್ಕೂ ಕಳಚದ ಹಾಗೆ ಹಿಡಿಯೋ ಹಿಮ್ಮುಖ ಮುಳ್ಳು. ನೀರಿನ ಮೇಲ್ಮೈ 25 ಡಿಗ್ರಿ ಸೆಲ್ಸಿಯಸ್ ಅಂತ ದೋಣಿಯ ಮೀಟರ್ ತೋರಿಸ್ತಿತ್ತು. ಈಜೋಕೆ ಚೆನ್ನಾಗಿದೆ ಅಂದ್ಕೊಂಡೆ ಅಷ್ಟೇ.

ಮೀನು ಸಿಕ್ಕಿತು. 41 ಇಂಚು. ದೋಣಿ ಪಕ್ಕಕ್ಕೆ ತರೋಕೆ ಇಪ್ಪತ್ತು ನಿಮಿಷ. ಆಗ ಅದನ್ನೇ ದೊಡ್ಡ ಸಾಹಸ ಅಂತ ಎಲ್ಲರಿಗೂ ಹೇಳ್ಕೊಂಡು ತಿರುಗಿದ್ದೆ.

ಈಗ ಇಕ್ಕಳದ ಲೆಕ್ಕ ಕೇಳಿ. ಇದನ್ನ ಬೇಕಂತಲೇ ಎಳೆದು ಹೇಳ್ತಿದ್ದೀನಿ, ಬೋರ್ ಆದ್ರೂ ಓದಿ. 41 ಇಂಚು ಅಂದ್ರೆ 104 ಸೆಂಟಿಮೀಟರ್. ಪೈಕ್‌ನಲ್ಲಿ ಹೆಚ್ಚುಕಡಿಮೆ ಕಾಲು ಭಾಗ ತಲೆಯೇ. ಮೂತಿಯಿಂದ ಗಂಟಲಿಗೆ ಸರಿಯಾಗಿ ಒಂದು ಗೇಣು. 6 ಇಂಚಿನ ಇಕ್ಕಳದಲ್ಲಿ ನಾಲ್ಕಿಂಚು ಅಂಗೈಯೊಳಗೆ ಹೋದ್ರೆ ಮುಂದೆ ಉಳಿಯೋದು ಎರಡಿಂಚು. ನನ್ನ ಲೂರಿನ ಹಿಂದಿನ ಕೊಕ್ಕೆ ಗಂಟಲ ಹತ್ರ, ಕಿವಿರಿನ ಕಮಾನಿಗೆ ತಾಗಿಕೊಂಡಿತ್ತು. ಅಂದ್ರೆ ಮಣಿಕಟ್ಟಿನ ತನಕ ಕೈ ಬಾಯೊಳಗೆ ಹೋಗಬೇಕು. ಕೆಳದವಡೆಯಲ್ಲಿ ನಾಯಿಹಲ್ಲಿನಂಥವು, ಅಂಗುಳಲ್ಲಿ ಒಳಮುಖವಾಗಿ ಮಲಗಿರೋ ನೂರಾರು ಸೂಜಿ. ಕೈ ಹಾಕೋಕೆ ಧೈರ್ಯ ಬರಲಿಲ್ಲ. ಹಾಕಬೇಕಾದ್ರೆ ಮೀನು ಅಲ್ಲಾಡಬಾರದು, ನೀರಲ್ಲಿದ್ರೆ ಅಲ್ಲಾಡುತ್ತೆ. ಅದಕ್ಕೇ ದೋಣಿಯೊಳಕ್ಕೆ ಎತ್ತಿದೆ. ಎತ್ತಿದ್ದು ವಾಲೈ ಬಲೆಯಲ್ಲಿ, ಅದು ಗಂಟು ಹಾಕಿದ ನೈಲಾನ್. ತಲೆ ಒಳಗೆ, ಅರ್ಧ ಮೈ ಹೊರಗೆ. ಮುಂದಿನ ಕೊಕ್ಕೆ ಬಲೆಗೆ ಸಿಕ್ಕಿಕೊಂಡಿತು. ಮೀನು ಒದ್ದಾಡಿದ ಹಾಗೆಲ್ಲ ಹಿಂದಿನ ಕೊಕ್ಕೆ ಕಿವಿರನ್ನ ಎಳೀತು. ಬಿಸಿಲಿಗೆ ಕಾದ ಅಲ್ಯೂಮಿನಿಯಂ ನೆಲದ ಮೇಲೆ ಮಂಡಿ ಊರಿ ಅದುಮಿ ಹಿಡಿದೆ. ಎದ್ದಾಗ ಪ್ಯಾಂಟಿನ ಮಂಡಿ ತುಂಬಾ ಲೋಳೆ. ಅದು ಮೀನಿನ ಮೈಗೆ ಸೋಂಕು ತಾಗದ ಹಾಗೆ ಕಾಯೋ ಪದರ, ನಾನು ಅದನ್ನ ಜೀನ್ಸಿಗೆ ಒರೆಸಿಕೊಂಡಿದ್ದೆ. ಆಮೇಲೆ ಕಿವಿರಿಗೆ ಬೆರಳು ಸಿಕ್ಕಿಸಿ ಲಂಬವಾಗಿ ನೇತು ಹಾಕಿ ಫೋಟೋ. ಗೆಳೆಯ ತೆಗೆದ ಮೊದಲ ಮತ್ತು ಕೊನೆಯ ಫೋಟೋದ ಸಮಯ ನೋಡಿದ್ರೆ ನೀರಿನಿಂದ ಹೊರಗೆ ನಾಲ್ಕೂವರೆ ನಿಮಿಷ.

ಇಕ್ಕಳ 11 ಇಂಚು ಇದ್ದಿದ್ರೆ ಇದರಲ್ಲಿ ಒಂದೂ ನಡೀತಿರಲಿಲ್ಲ. ಮೀನು ನೀರಲ್ಲೇ ಇರ್ತಿತ್ತು.

ಬಿಟ್ಟಾಗ ಬಾಲ ಒದ್ದು ಹೋಯ್ತು, ಚಪ್ಪಾಳೆ ಹೊಡೆದ್ವಿ. ಸಂಜೆ ವಾಪಸ್ ಬರುವಾಗ ಜೊಂಡಿನ ಅಂಚಲ್ಲಿ ಬಿಳಿ ಹೊಟ್ಟೆ ಮೇಲಾಗಿ ತೇಲ್ತಿತ್ತು. ಬಾಲದ ರೆಕ್ಕೆ ಬಲೆಯ ಗಂಟಿಗೆ ಸಿಕ್ಕಿ ಎರಡು ಕಡೆ ಸೀಳಿತ್ತು. ಅದರಿಂದಲೇ ಗುರುತು ಸಿಕ್ಕಿದ್ದು.

ಹಾಗಾಗಿ ನಿಮ್ಮ ಪ್ಲಾನಿಗೇ ನನ್ನ ತಕರಾರು. ದೊಡ್ಡ ಪೈಕ್ ತಣ್ಣೀರಿನ ಪ್ರಾಣಿ. ಜೊಂಡಲ್ಲಿ ಸಿಗೋ ಚಿಕ್ಕವು ಬಿಸಿ ತಡೀತಾವೆ, ದೊಡ್ಡವು ಬೇಸಿಗೆಯಲ್ಲಿ ಆಳದ ತಂಪಿಗೆ ಇಳೀತಾವೆ. ಗಾಳಕ್ಕೆ ಸಿಕ್ಕಿ ಎಳೆದಾಡಿದಾಗ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರುತ್ತೆ, ಆ ಸಾಲ ತೀರಿಸೋಕೆ ಆಮ್ಲಜನಕ ಬೇಕು. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು, 25 ಡಿಗ್ರಿಯದು 8ರ ಆಸುಪಾಸು. ಬಿಸಿಗೆ ಮೀನಿನ ಬೇಡಿಕೆಯೂ ಹೆಚ್ಚು. ಎದುರಿಗೆ ಈಜಿ ಹೋದ ಮೀನು ಗಂಟೆಗಳ ಮೇಲೆ ಸಾಯೋದು ಹೀಗೆ. ನನ್ನ ಗೆರೆ 20 ಡಿಗ್ರಿ. ಮೇಲ್ಮೈ ಅದಕ್ಕಿಂತ ಬಿಸಿ ಇದ್ರೆ ದೊಡ್ಡ ಪೈಕ್ ಹುಡುಕಿಕೊಂಡು ಹೋಗಲ್ಲ. 40 ಇಂಚಿನದು ಹೆಚ್ಚುಕಡಿಮೆ ಹೆಣ್ಣೇ, ಗಂಡು ಅಷ್ಟು ಬೆಳೆಯೋದು ತೀರಾ ಅಪರೂಪ. ಅಷ್ಟಾಗೋಕೆ ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸು ಬೇಕು.

ಜುಲೈಗೆ ಹೋಗಲೇಬೇಕು ಅಂದ್ರೆ ಹೋಗಿ, ಚಿಕ್ಕದು ಹಿಡಿದು ತಿನ್ನಿ. ಬಿಡೋದು ಪುಣ್ಯ, ತಿನ್ನೋದು ಪಾಪ ಅನ್ನೋ ಲೆಕ್ಕ ಈ ಕೆರೆಗಳಿಗೆ ಹೊಂದಲ್ಲ. ಪೈಕ್ ಹಿಡಿಯೋ ನಿಯಮಕ್ಕೆ ಮಿನ್ನೆಸೋಟವನ್ನ ಮೂರು ವಲಯ ಮಾಡಿದ್ದಾರೆ, ಬ್ರೇನರ್ಡ್ ಇರೋದು ಉತ್ತರ-ಮಧ್ಯ ವಲಯದಲ್ಲಿ. ಇಲ್ಲಿನ ತೊಂದರೆ ಪೈಕ್ ಕಡಿಮೆ ಅಂತಲ್ಲ, ಚಿಕ್ಕವು ಜಾಸ್ತಿ ಅಂತ. ಹ್ಯಾಮರ್ ಹ್ಯಾಂಡಲ್ ಅಂತಾರೆ, ಸುತ್ತಿಗೆ ಹಿಡಿಯಷ್ಟೇ ದಪ್ಪ. ಅದಕ್ಕೇ 2018ರಲ್ಲಿ ನಿಯಮ ಬದಲಾಯ್ತು. ಈ ವಲಯದಲ್ಲಿ ಒಬ್ಬರಿಗೆ 10 ಪೈಕ್, 22ರಿಂದ 26 ಇಂಚಿನವನ್ನ ಬಿಡಲೇಬೇಕು, 26 ಮೀರಿದವು ಎರಡಕ್ಕಿಂತ ಹೆಚ್ಚು ಇರಬಾರದು. ಈಶಾನ್ಯ ವಲಯದಲ್ಲಿ 2, ಅಲ್ಲಿ 30ರಿಂದ 40 ಇಂಚಿನವು ನೀರಿಗೆ ವಾಪಸ್, 40 ಮೀರಿದ್ದು ಒಂದೇ. ದಕ್ಷಿಣದಲ್ಲಿ 2, ಕನಿಷ್ಠ 24 ಇಂಚು. ಕೆಲವು ಕೆರೆಗಳಿಗೆ ಪ್ರತ್ಯೇಕ ನಿಯಮ ಇರುತ್ತೆ, ದೋಣಿ ಇಳಿಸೋ ಜಾಗದಲ್ಲಿ ಬೋರ್ಡ್ ಓದಿ. 20 ಇಂಚಿನದು ಕೆರೆಗೂ ಭಾರ ಇಳಿಸುತ್ತೆ, ನಿಮ್ಮ ಬಾಣಲೆಗೂ ಸರಿ. ವೈ ಆಕಾರದ ಮುಳ್ಳಿನ ಸಾಲು ಒಂದು ಬಿಡಿಸೋಕೆ ಕಲೀಬೇಕು. ದೊಡ್ಡ ಪೈಕ್‌ನಲ್ಲಿ ಪಾದರಸ ಹೆಚ್ಚು ಸೇರಿರುತ್ತೆ, ಮಕ್ಕಳಿಗೆ, ಬಸುರಿಯರಿಗೆ ಅದು ಬೇಡ.

ಬಿಡೋದು ಎಲ್ಲ ಕಡೆ ಒಳ್ಳೇತನ ಅಂತಲೂ ಇಲ್ಲ. ಐರ್ಲೆಂಡ್‌ನಲ್ಲಿ 50 ಸೆಂಟಿಮೀಟರ್ ಮೀರಿದ ಪೈಕ್ ಕೊಲ್ಲೋ ಹಾಗಿಲ್ಲ, ಬಿಡಲೇಬೇಕು. ಅದೇ ಸ್ವಿಟ್ಜರ್ಲೆಂಡ್‌ನಲ್ಲಿ ಬಿಡೋ ಉದ್ದೇಶ ಇಟ್ಕೊಂಡೇ ಗಾಳ ಹಾಕೋದು ನಿಷಿದ್ಧ. ತಿನ್ನೋಕಲ್ಲದೆ ಪ್ರಾಣಿಗೆ ನೋವು ಯಾಕೆ ಅನ್ನೋದು ಅವರ ವಾದ. ಊರ ಕೆರೆ ಕೋಡಿಯಲ್ಲಿ ಗಾಳ ಹಿಡಿದು ಕೂತವರೂ ಇದನ್ನೇ ಕೇಳ್ತಾರೆ, ಕಾನೂನಿನ ಹೆಸರಿಲ್ಲದೆ. ನನಗೆ ಇದಕ್ಕೆ ಪೂರ್ತಿ ಉತ್ತರ ಹೊಳೆದಿಲ್ಲ. ಬಿಡ್ತೀನಿ ಅನ್ನೋನು ಬದುಕೋ ಹಾಗೆ ಬಿಡೋ ಸಾಮಾನು ಇಟ್ಕೊಂಡಿರಬೇಕು, ಅಷ್ಟಂತೂ ಗಟ್ಟಿ.

ಆ ಸಾಮಾನು ಇದು. 11 ಇಂಚಿನ ಉದ್ದಮೂತಿ ಇಕ್ಕಳ. ಟ್ರೆಬಲ್ ಕೊಕ್ಕೆಯನ್ನ ಕಚಕ್ ಅಂತ ಕತ್ತರಿಸೋ 8 ಇಂಚಿನ ಚಿಕ್ಕ ಬೋಲ್ಟ್ ಕಟರ್. ನಾನು ಇಟ್ಕೊಂಡಿರೋದು ಕ್ನಿಪೆಕ್ಸ್ ಕಂಪನಿಯದು, ದುಬಾರಿ, ಆದ್ರೆ ಜಿಪುಣತನ ಮಾಡೋ ಜಾಗ ಇದಲ್ಲ. ಗಂಟಿಲ್ಲದ, ರಬ್ಬರ್ ಲೇಪದ ಬಲೆ, ಬಾಯಿ ಎರಡೂವರೆ ಅಡಿಗೆ ಕಮ್ಮಿ ಬೇಡ, ಚೀಲ ಆಳ ಇರಲಿ. 50ರಿಂದ 65 ಪೌಂಡಿನ ಹೆಣೆದ ದಾರ, ತುದಿಗೆ ಒಂದಡಿಗೂ ಉದ್ದದ ಟೈಟಾನಿಯಂ ಇಲ್ಲವೇ ಸ್ಟೀಲ್ ತಂತಿ, ಏಳೂವರೆ ಅಡಿಯ ಹೆವಿ ರಾಡ್. ದಪ್ಪ ದಾರ ಇದ್ರೆ ಮಜಾ ಇಲ್ಲ ಅನ್ನೋರಿದ್ದಾರೆ. ಆ ಮಜದ ಬೆಲೆ ಇಪ್ಪತ್ತು ನಿಮಿಷ, ಅದನ್ನ ತೆರೋದು ಮೀನು.

ಮೀನು ಬಲೆಗೆ ಬಂದ ಮೇಲೆ ಬಲೆಯನ್ನ ನೀರಲ್ಲೇ ಇಟ್ಕೊಳ್ಳಿ. ಕೊಕ್ಕೆ ಅಲ್ಲೇ ಬಿಡಿಸಿ. ಅರ್ಧ ನಿಮಿಷದಲ್ಲಿ ಬರಲಿಲ್ಲ ಅಂದ್ರೆ ಹಟ ಬೇಡ, ಕತ್ತರಿಸಿ. ಕೊಕ್ಕೆಗೆ ಕೊಡೋ ದುಡ್ಡು ಒಂದು ಕಾಫಿಗೂ ಆಗಲ್ಲ. ಎತ್ತಬೇಕಾದ್ರೆ ಕಿವಿರಿನ ಮುಚ್ಚಳದ ಅಂಚಿನಿಂದ ಬೆರಳನ್ನ ದವಡೆಯ ಮೂಳೆಗೆ ಅಂಟಿಸಿಕೊಂಡೇ ಗದ್ದದ ಕಡೆಗೆ ಜಾರಿಸಿ. ಕೆಂಪು ಎಳೆಗಳಿಗೆ ತಾಗಿಸಬೇಡಿ, ಅದು ಅದರ ಶ್ವಾಸಕೋಶ ಅಂದ್ಕೊಳ್ಳಿ. ಇನ್ನೊಂದು ಕೈ ಹೊಟ್ಟೆ ಕೆಳಗೆ, ಮೀನು ಅಡ್ಡಡ್ಡ. ಕ್ಯಾಮೆರಾ ರೆಡಿ ಇದ್ದ ಮೇಲೆ ಮಾತ್ರ ಎತ್ತಿ, ಹತ್ತು ಸೆಕೆಂಡಿಗೆ ಇಳಿಸಿ. ತೂಗಬೇಡಿ, ಅಳೆಯಿರಿ. ಇಂಚಿನ ಉದ್ದವನ್ನ ಅದರಿಂದಲೇ ಎರಡು ಸಲ ಗುಣಿಸಿ (40×40×40 ಹಾಗೆ), 3500ರಿಂದ ಭಾಗಿಸಿದ್ರೆ ಪೌಂಡಿನಲ್ಲಿ ಅಂದಾಜು ತೂಕ ಬರುತ್ತೆ, 40 ಇಂಚಿಗೆ ಸುಮಾರು 18. ಬಿಡುವಾಗ ಬಾಲದ ಬುಡ ಹಿಡಿದು ನೇರ ನಿಲ್ಲಿಸಿ. ಹಿಂದೆ ಮುಂದೆ ತಳ್ಳಬೇಡಿ, ಹಿಂದಕ್ಕೆ ಎಳೆದಾಗ ಕಿವಿರಿಗೆ ನೀರು ಉಲ್ಟಾ ನುಗ್ಗುತ್ತೆ. ಕೈಯಿಂದ ತಾನಾಗೇ ಕಿತ್ತುಕೊಂಡು ಹೋಗಬೇಕು. ಕಿವಿರು ಹರಿದು ರಕ್ತ ಸುರೀತಾ ಇದ್ರೆ, ನಿಯಮ ಒಪ್ಪಿದ್ರೆ, ತಲೆಗೆ ಒಂದೇ ಏಟು ಕೊಟ್ಟು ಮನೆಗೆ ಒಯ್ಯಿರಿ. ಬಿಡಲೇಬೇಕಾದ ಅಳತೆಯದಾದ್ರೆ ಅದಕ್ಕೂ ಅವಕಾಶ ಇಲ್ಲ. ನನ್ನ 41 ಇಂಚಿನದನ್ನ ಒಯ್ಯಬಹುದಿತ್ತು.

ಜೀವಂತ ಚಿಕ್ಕ ಮೀನನ್ನ ಎರೆಗೆ ಹಾಕೋದಾದ್ರೆ ನುಂಗೋ ತನಕ ಕಾಯಬೇಡಿ. ಎಳೆತ ಕಂಡ ಕೂಡ್ಲೇ ಎತ್ತಿ, ಹೊಟ್ಟೆಗಿಳಿದ ಕೊಕ್ಕೆಗೆ ಯಾವ ಇಕ್ಕಳವೂ ಎಟುಕಲ್ಲ.

ಈಗ ಲೂರ್. ರಜೆಯನ್ನ ಅಕ್ಟೋಬರ್ ಕೊನೆಗೆ ಹಾಕ್ಕೊಳ್ಳಿ. ನೀರು 10 ಡಿಗ್ರಿಗೆ ಇಳಿದಿರುತ್ತೆ, ಟಲ್ಲಿಬೀ ಮೀನುಗಳು ಮೊಟ್ಟೆ ಇಡೋಕೆ ಕಲ್ಲಿನ ದಿಬ್ಬಗಳ ಕಡೆ ಬರೋ ಕಾಲ, ಹಿಂದೆಯೇ ದೊಡ್ಡ ಪೈಕ್. ಕೆಂಪು-ಬಿಳಿ ಡಾರ್ಡೆವಲ್, ಅಂದ್ರೆ ಚಮಚದ ಆಕಾರದ ಲೋಹದ ಲೂರ್, ಸಾಕು, ಅದಕ್ಕಿರೋದು ಒಂದೇ ಟ್ರೆಬಲ್. ಅದನ್ನೂ ಕಿತ್ತು ಒಂಟಿ ಕೊಕ್ಕೆ ಹಾಕಿದ್ರೆ ಇನ್ನೂ ವಾಸಿ. ನಿಧಾನ ಎಳೆಯಿರಿ. ಲೈಫ್ ಜಾಕೆಟ್ ಬಿಚ್ಚಬೇಡಿ. ಕೊಕ್ಕೆಯ ಮುಳ್ಳನ್ನ ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡ್ಕೊಂಡು ಹೋಗಿ, ಆ ಚಳಿಗೆ ದೋಣಿಯಲ್ಲಿ ಬೆರಳು ಮಡಚೋಕೂ ಆಗಿರಲ್ಲ.